ಹಾವಿನ ಮೊಟ್ಟೆಗೆ ಪೆಟ್ಟಿಗೆಯ ಕಾವು

ಕೋಳಿ ಕಾವಿಗೆ ಕೂತರೆ 21 ದಿನ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಕಾರ್ನ್ ಸ್ನೇಕ್ ಹಾಗಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಈ ವಿಷವಿಲ್ಲದ ಹಾವು ಕೊಳೆತ ಮರದ ಬೊಡ್ಡೆಯಲ್ಲೋ ತರಗೆಲೆಯ ರಾಶಿಯಲ್ಲೋ ಹತ್ತಿಪ್ಪತ್ತು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ನಮ್ಮಲ್ಲೂ ಇದನ್ನು ಮನೆಯಲ್ಲಿ ಸಾಕುವವರಿದ್ದಾರೆ, ನಾನೂ ಒಬ್ಬ. ಆ ಎಲೆರಾಶಿಯ ಬಿಸಿ, ತೇವ ಎರಡನ್ನೂ ನಾವು ಪೆಟ್ಟಿಗೆಯೊಳಗೆ ಒದಗಿಸಬೇಕು.

ಊರಿನ ತಿಪ್ಪೆಯಲ್ಲಿ ಕೇರೆ ಹಾವಿನ ಮೊಟ್ಟೆ ಸಿಕ್ಕಿತೆಂದು ಮಾತ್ರ ಇದನ್ನು ಮಾಡಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕ್ಕೆ ರಕ್ಷಣೆ ಕೊಟ್ಟಿದೆ. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಬೇಕಾಗುವುದು: ಮುಚ್ಚಳವಿರುವ ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಪೂರ್ತಿ ಮುಳುಗಿಸಬಹುದಾದ ಅಕ್ವೇರಿಯಂ ಹೀಟರ್, ಎರಡು ಇಟ್ಟಿಗೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ವರ್ಮಿಕ್ಯುಲೈಟ್ (ಗಿಡದ ಕುಂಡಕ್ಕೆ ಹಾಕುವ, ನೀರು ಹಿಡಿದಿಡುವ ಹಗುರ ಖನಿಜದ ಚೂರು), ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್.

ಪೆಟ್ಟಿಗೆಯ ತಳದಲ್ಲಿ ಇಟ್ಟಿಗೆಗಳನ್ನಿಟ್ಟು, ಅವುಗಳ ಮೇಲ್ಮೈ ಒಣಗಿಯೇ ಇರುವಷ್ಟು ನೀರು ತುಂಬಿ. ಹೀಟರನ್ನು ನೀರಿನಲ್ಲಿ ಅಡ್ಡ ಮಲಗಿಸಿ. ನೀರು ಆರಿ ಹೀಟರ್ ಹೊರಗೆ ಕಂಡರೆ ಅದು ಒಡೆಯುತ್ತದೆ. ಹಾಗಾಗಿ ಮಟ್ಟ ನೋಡುತ್ತಿರಿ, ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತುಬಿಡಿ. ಹೀಟರನ್ನು 30 ಡಿಗ್ರಿಗಿಟ್ಟು, ಇಟ್ಟಿಗೆಯ ಮೇಲೆ ಖಾಲಿ ಡಬ್ಬಿ ಕೂರಿಸಿ, ಅದರೊಳಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ನಿಲ್ಲುವವರೆಗೆ ಹೊಂದಿಸುತ್ತಾ ಹೋಗಿ. ನಂಬಬೇಕಾದ್ದು ಡಬ್ಬಿಯೊಳಗಿನ ಥರ್ಮಾಮೀಟರನ್ನು, ಹೀಟರಿನ ಮೇಲಿನ ಅಂಕಿಯನ್ನಲ್ಲ. ಮೊಟ್ಟೆ ಬರುವ ಮುಂಚೆಯೇ ಒಂದು ವಾರ ಹೀಗೆ ಓಡಿಸಿ ನೋಡಿ. ಒಂದೆರಡು ಡಿಗ್ರಿ ಇಳಿದರೆ ಮರಿ ತಡವಾಗಿ ಬರುತ್ತದೆ, ಅಷ್ಟೇ. 32 ದಾಟಿದರೆ ಬೆನ್ನುಮೂಳೆ ಸೊಟ್ಟಗಾದ ಮರಿ ಹುಟ್ಟಬಹುದು, ಮೊಟ್ಟೆಯೊಳಗೇ ಸಾಯಲೂಬಹುದು.

ವರ್ಮಿಕ್ಯುಲೈಟಿಗೆ ಅದರಷ್ಟೇ ತೂಕದ ನೀರು ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಅದೇ ಹದ.

ಈಗ ಮುಖ್ಯ ಮಾತು. ಕೋಳಿಮೊಟ್ಟೆಯನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತೇವೆ. ಹಾವಿನ ಮೊಟ್ಟೆಯನ್ನು ಹೊರಳಿಸಲೇಬಾರದು. ಕೋಳಿಮೊಟ್ಟೆಯ ಹಳದಿ ಭಂಡಾರವನ್ನು ಎರಡೂ ಕಡೆಯಿಂದ ಹಿಡಿದಿಡುವ ಬಿಳಿ ಹುರಿ ಇದರಲ್ಲಿಲ್ಲ. ಇಟ್ಟ ಒಂದೆರಡು ದಿನದಲ್ಲೇ ಭ್ರೂಣ ಸಿಪ್ಪೆಯ ಮೇಲುಭಾಗಕ್ಕೆ ಅಂಟಿಕೊಳ್ಳುತ್ತದೆ. ತಿರುವಿದರೆ ಅದು ಉಳಿಯುವುದು ಕಷ್ಟ. ಆದ್ದರಿಂದ ಎತ್ತುವ ಮುಂಚೆ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಚುಕ್ಕೆಯಿಡಿ, ಚುಕ್ಕೆ ಮೇಲಿರುವಂತೆಯೇ ವರ್ಮಿಕ್ಯುಲೈಟಿನಲ್ಲಿ ಅರ್ಧ ಹೂತಿಡಿ. ಒಂದಕ್ಕೊಂದು ಅಂಟಿದ್ದರೆ ಬಿಡಿಸಬೇಡಿ, ಗೊಂಚಲನ್ನು ಹಾಗೇ ಇಡಿ.

ಡಬ್ಬಿಗೆ ಎರಡು ಮೂರು ಸಣ್ಣ ತೂತು ಸಾಕು. ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ನನ್ನ ಮೊದಲ ಸಲ ಡಬ್ಬಿಯ ಮುಚ್ಚಳದಿಂದ ತೊಟ್ಟಿಕ್ಕಿದ ನೀರು ಒಂದೇ ಜಾಗದಲ್ಲಿ ಬಿದ್ದೂ ಬಿದ್ದೂ ಎರಡು ಮೊಟ್ಟೆ ಕೊಳೆತವು. ಆ ಎರಡು ಮೊಟ್ಟೆಯ ಸಂಕಟ ನನಗಿನ್ನೂ ಇದೆ. ಈಗ ಡಬ್ಬಿಯ ಒಂದು ಬದಿಗೆ ಮರದ ಚೂರು ಕೊಟ್ಟು ಓರೆಯಾಗಿಸುತ್ತೇನೆ. ಹನಿಗಳು ಮುಚ್ಚಳದ ಒಳಮೈಯಲ್ಲಿ ಅಂಚಿಗೆ ಜಾರಿಹೋಗುತ್ತವೆ.

ವಾರ ಕಳೆದ ಮೇಲೆ ಕತ್ತಲೆಯಲ್ಲಿ, ಮೊಟ್ಟೆ ಅಲುಗಿಸದೆ, ಪಕ್ಕದಿಂದ ಟಾರ್ಚ್ ಹಿಡಿಯಿರಿ. ಕೆಂಪು ರಕ್ತನಾಳಗಳು ಜೇಡರಬಲೆಯಂತೆ ಹಬ್ಬಿದ್ದರೆ ಜೀವವಿದೆ. ಆರಂಭದಲ್ಲೇ ಸಿಪ್ಪೆ ತಗ್ಗಾದರೆ ತೇವ ಸಾಲದು. ಮೊಟ್ಟೆಯ ಮೇಲೆ ಸುರಿಯದೆ ಡಬ್ಬಿಯ ಅಂಚಿನಲ್ಲಿ ಸ್ವಲ್ಪ ಬೆಚ್ಚನೆ ನೀರು ಬಿಡಿ. ಕೊನೆಯ ಎರಡು ವಾರದ ತಗ್ಗು ಸಹಜ.

ಸುಮಾರು 60 ದಿನಕ್ಕೆ ತೊಗಲಿನಂಥ ಸಿಪ್ಪೆಯಲ್ಲಿ ಬ್ಲೇಡಿನಿಂದ ಸೀಳಿದಂಥ ಗೀರು ಕಾಣುತ್ತದೆ. ಅಲ್ಲಿಂದ ಪುಟ್ಟ ಮೂತಿ ಹೊರಬಂದು, ನಿಮ್ಮನ್ನು ಕಂಡು ಒಳಗೆ ಸರಿಯುತ್ತದೆ. ಎಳೆಯಬೇಡಿ. ಉಳಿದ ಭಂಡಾರವನ್ನು ಹೀರಿಕೊಳ್ಳಲು ಅದಕ್ಕೆ ಇನ್ನೂ ಒಂದೆರಡು ದಿನ ಬೇಕು. ಹೊರಬಂದ ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಆಹಾರ ಕೊಡುವುದು ಆಮೇಲೆ.