ಸವೆದ ಅಕ್ಷರ ಹಾಕುವಾಗ ಧನ ಹೋಗಿ ದನ ಆಗದಿರಲಿ

ಪೋಸ್ಟರ್, ಟೀ ಶರ್ಟ್ ಎಂದರೆ ಈಗ ಎಲ್ಲರಿಗೂ ಬಣ್ಣ ಎದ್ದುಹೋದಂತೆ, ಗೀರು ಬಿದ್ದಂತೆ ಕಾಣುವ ದಪ್ಪ ಅಕ್ಷರವೇ ಬೇಕು. ಇಂಗ್ಲಿಷಿಗೆ ಅಂಥ ಫಾಂಟುಗಳು ರಾಶಿ ಇವೆ, ಕನ್ನಡಕ್ಕೆ ಕಡಿಮೆ. ನಾನು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಬಾಲೂ ತಮ್ಮ 2 ಫಾಂಟಿನ ಎಕ್ಸ್‌ಟ್ರಾ ಬೋಲ್ಡ್ (ತೀರಾ ದಪ್ಪ ರೂಪ) ತೆಗೆದುಕೊಂಡು, ಹಳೇ ಗೋಡೆಯ ಫೋಟೋದಿಂದ ಮಾಡಿದ ಟೆಕ್ಸ್ಚರನ್ನು ಲೇಯರ್ ಮಾಸ್ಕ್ ಆಗಿ ಹಾಕುತ್ತೇನೆ. ಮಾಸ್ಕ್ ಎಂದರೆ ಅಕ್ಷರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಪದರ; ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ, ಒಂದೊಂದು ಅಕ್ಷರದ ಗೀರೂ ಬೇರೆ ಬೇರೆ ಇರುತ್ತದೆ. ಮೊದಲೇ ಗೀರು ಹಾಕಿಟ್ಟ ರೆಡಿ ಫಾಂಟಿನಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಗೀರೂ ಸಾಮಾನ್ಯವಾಗಿ ಅದೇ ಜಾಗದಲ್ಲಿ ಬರುತ್ತದೆ, ಸವೆತ ನಕಲಿ ಅಂತ ತಕ್ಷಣ ಗೊತ್ತಾಗುತ್ತದೆ!

ಆದರೆ ಕನ್ನಡದಲ್ಲಿ ಸುಮ್ನೆ ಎಲ್ಲೆಂದರಲ್ಲಿ ಸವೆಸುವ ಹಾಗಿಲ್ಲ. ಧ ಕೆಳಗಿನ ಸೀಳು ಅಳಿಸಿದರೆ ‘ಧನ ಸಹಾಯ’ ಹೋಗಿ ‘ದನ ಸಹಾಯ’ ಆಗುತ್ತದೆ. ಠ ಒಳಗಿನ ಚುಕ್ಕೆ ಹೋದರೆ ಮಠ ಮರವಾಗುತ್ತದೆ. ಒತ್ತಕ್ಷರಗಳು ಮೊದಲೇ ಸಣ್ಣ, ಅಲ್ಲಿ ಗೀರು ಜಾಸ್ತಿಯಾದರೆ ಓದಲು ಆಗುವುದಿಲ್ಲ. ಇಂಥ ಕಡೆ ಮಾಸ್ಕ್ ಮೇಲೆ ಬಿಳಿ ಬ್ರಷ್ ಆಡಿಸಿ ಅಕ್ಷರವನ್ನು ವಾಪಸ್ ತನ್ನಿ. ನಡುವಿನ ದಪ್ಪ ಭಾಗವನ್ನು ಬೇಕಾದಷ್ಟು ಸವೆಸಿ, ತೊಂದರೆಯಿಲ್ಲ.

ತಲೆಬರಹಕ್ಕಷ್ಟೇ ಇದು. ದಿನಾಂಕ, ಜಾಗ, ಫೋನ್ ನಂಬರಿಗೆ ಸಾದಾ ಫಾಂಟ್ ಇರಲಿ. ಸ್ಕ್ರೀನ್ ಪ್ರಿಂಟಿಂಗ್ ಆದರೆ ಸವೆತದ ತೀರಾ ಸಣ್ಣ ಚುಕ್ಕೆಗಳನ್ನು ಮೊದಲೇ ತೆಗೆದುಬಿಡಿ, ಶಾಯಿ ಹರಡಿ ಮುಚ್ಚಿಹೋಗುತ್ತವೆ. ಕೊಡುವ ಮುಂಚೆ ಒಮ್ಮೆ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಡಿಸೈನ್ ನೋಡದ ಯಾರಿಂದಾದರೂ ಓದಿಸಿ.