ಮೆಮ್‌ಸೆಟ್ ಇದ್ದರೂ ಪಾಸ್‌ವರ್ಡ್ ಮೆಮೊರಿಯಲ್ಲೇ ಕೂತಿತ್ತು

ಗಂಗಾವತಿಯ ಒಂದು ರೈಸ್ ಮಿಲ್‌ನ ಬಿಲ್ಲಿಂಗ್ ಪ್ರೋಗ್ರಾಂ ನಾನೇ ನೋಡ್ಕೊಳ್ತೇನೆ, ಸಿ ಭಾಷೆಯದು. ಡೇಟಾಬೇಸ್‌ಗೆ ಕನೆಕ್ಟ್ ಆದ ಮೇಲೆ ಪಾಸ್‌ವರ್ಡ್ ಇರೋ ಬಫರನ್ನು, ಅಂದ್ರೆ ಮೆಮೊರಿಯ ಆ ಜಾಗವನ್ನು, ಮೆಮ್‌ಸೆಟ್ ಅನ್ನೋ ಫಂಕ್ಷನ್‌ನಿಂದ ಸೊನ್ನೆ ಮಾಡಿ ಫ್ರೀ ಮಾಡೋ (ವಾಪಸ್ ಕೊಡೋ) ಸಾಲು ಅದರಲ್ಲಿ ಮೊದಲಿಂದಲೂ ಇತ್ತು. ಆದರೂ ಸುಮ್ನೆ ಒಮ್ಮೆ ಜಿಕೋರ್ ಟೂಲ್‌ನಿಂದ ಓಡ್ತಿರೋ ಪ್ರೋಗ್ರಾಂನ ಮೆಮೊರಿಯ ಡಂಪ್ (ನಕಲು) ತೆಗೆದು, ಅದರಲ್ಲಿರೋ ಅಕ್ಷರಗಳನ್ನು ತೋರಿಸೋ ಸ್ಟ್ರಿಂಗ್ಸ್ ಓಡಿಸಿದೆ. ಬಫರಿನ ಮೊದಲ ಕೆಲವು ಅಕ್ಷರ ಕೆಟ್ಟಿದ್ದವು (ಫ್ರೀ ತನ್ನ ಲೆಕ್ಕ ಅಲ್ಲೇ ಬರೆದುಕೊಳ್ಳುತ್ತೆ), ಅವುಗಳ ನಂತರ ಇದ್ದ ಪಾಸ್‌ವರ್ಡ್ ಮಾತ್ರ ಪೂರ್ತಿ ಕಾಣ್ತಿತ್ತು!

ತಮಾಷೆ ಅಂದ್ರೆ, -ಓ0 ಹಾಕಿ (ಆಪ್ಟಿಮೈಸ್ ಮಾಡದೆ) ಕಂಪೈಲ್ ಮಾಡಿದರೆ ಡಂಪ್‌ನಲ್ಲಿ ಪಾಸ್‌ವರ್ಡ್ ಇಲ್ಲ, -ಓ2 ಹಾಕಿದರೆ (ವೇಗಕ್ಕಾಗಿ ಆಪ್ಟಿಮೈಸ್ ಮಾಡಿದರೆ) ಇದೆ. ಅಸೆಂಬ್ಲಿ (ಕಂಪೈಲರ್ ಕೊಡೋ ಯಂತ್ರಮಟ್ಟದ ಕೋಡ್) ತೆಗೆದು ನೋಡಿದರೆ ಮೆಮ್‌ಸೆಟ್ ಕರೆಯೇ ಮಾಯ. ಹೇಗೂ ಫ್ರೀ ಆಗೋ ಜಾಗ, ಮುಂದೆ ಯಾರೂ ಓದಲ್ಲ, ಮತ್ಯಾಕೆ ಬರೀಬೇಕು ಅಂತ ಕಂಪೈಲರ್ ಅದನ್ನು ಕಿತ್ತುಹಾಕಿತ್ತು. ಭಾಷೆಯ ನಿಯಮದ ಪ್ರಕಾರ ಅದರದ್ದೇನೂ ತಪ್ಪಿಲ್ಲ ಬಿಡಿ.

ಮೆಮ್‌ಸೆಟ್ ಜಾಗದಲ್ಲಿ ಎಕ್ಸ್‌ಪ್ಲಿಸಿಟ್_ಬಿಝೀರೋ ಫಂಕ್ಷನ್ ಹಾಕಿದೆ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2.25ರಿಂದ ಸಿಗುತ್ತೆ, ಕಂಪೈಲರ್ ಇದನ್ನು ತೆಗೆಯಲ್ಲ. ವಿಂಡೋಸ್‌ನಲ್ಲಾದರೆ ಸೆಕ್ಯೂರ್‌ಝೀರೋಮೆಮೊರಿ, ಸಿ ಭಾಷೆಯ ಹೊಸ ಸ್ಟ್ಯಾಂಡರ್ಡ್ ಸಿ23ರಲ್ಲಿ ಮೆಮ್‌ಸೆಟ್_ಎಕ್ಸ್‌ಪ್ಲಿಸಿಟ್ ಇದೆ.

ಮತ್ತೆ ಡಂಪ್ ತೆಗೆದರೆ ಇನ್ನೊಂದು ಕಾಪಿ! ಅದು ರಿಅಲೋಕ್ ಅನ್ನೋ ಫಂಕ್ಷನ್‌ನ ಕೆಲಸ, ಬಫರ್ ದೊಡ್ಡದು ಮಾಡುವಾಗ ಹಳೇ ಜಾಗ ಒರೆಸದೆ ಬಿಟ್ಟಿತ್ತು. ರಿಅಲೋಕ್ ತೆಗೆದು, ಹೊಸ ಜಾಗಕ್ಕೆ ಕಾಪಿ ಮಾಡಿ ಹಳೆಯದನ್ನು ಸೊನ್ನೆ ಮಾಡಿ ಆಮೇಲೆ ಫ್ರೀ ಮಾಡುವಂತೆ ಬರೆದೆ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಹೋಗದಿರಲಿ ಅಂತ ಎಂಲಾಕ್ ಕೂಡ ಸೇರಿಸಿದೆ. ಈಗ ಡಂಪ್‌ನಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ.