ರಿಫಂಡ್ ನಿಂತಿದೆಯಾ? ಮೊದಲು ನಿಮ್ಮ ಹೆಸರು ಸರಿ ಇದೆಯಾ ನೋಡಿ

ಪಕ್ಕದ ಮನೆಯವರಿಗೆ ವಾರದೊಳಗೆ ಇನ್‌ಕಮ್ ಟ್ಯಾಕ್ಸ್ ರಿಫಂಡ್ ಬಂತು, ನನಗೆ ಮಾತ್ರ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಡೊಂಬಿವಲಿ ಇರಲಿ, ಮಾಟುಂಗಾ ಇರಲಿ, ರಿಟರ್ನ್ ಹಾಕುವ ಗಡಿಬಿಡಿ ಮುಗಿದ ಮೇಲೆ ನಮ್ಮವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಕೆಲವರು ರಜೆ ಹಾಕಿ ಚರ್ಚ್‌ಗೇಟಿನ ಆಯಕರ ಭವನಕ್ಕೆ ಹೊರಟೂ ಬಿಡುತ್ತಾರೆ. ಆದರೆ ಮುಂಬೈಯಲ್ಲಿ ಹಾಕಿದ ರಿಟರ್ನಿನ ಲೆಕ್ಕ ನೋಡುವುದು ಬೆಂಗಳೂರಿನ ಸಿಪಿಸಿ, ಅಂದರೆ ಎಲ್ಲ ರಿಟರ್ನ್ ಒಂದೇ ಕಡೆ ಪರಿಶೀಲಿಸುವ ಇಲಾಖೆಯ ಕೇಂದ್ರ. ಹಣ ಕಳಿಸುವುದು ಸ್ಟೇಟ್ ಬ್ಯಾಂಕ್. ಎಷ್ಟೋ ಸಲ ಹಣ ನಿಂತಿರುವುದು ನಮ್ಮ ಕಡೆಯಿಂದ ಏನೋ ಒಂದು ಆಗಬೇಕು ಅಂತ. ಅದು ಏನು ಅಂತ ಮನೆಯಲ್ಲೇ ಕೂತು ಹುಡುಕಬಹುದು.

ಮೊದಲು: ರಿಟರ್ನ್ ವೆರಿಫೈ ಆಗಿದೆಯಾ?

ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಲಾಗಿನ್ ಆಗಿ. 'ಇ-ಫೈಲ್' ಒಳಗೆ 'ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್', ಅದರೊಳಗೆ 'ವ್ಯೂ ಫೈಲ್ಡ್ ರಿಟರ್ನ್ಸ್' ಒತ್ತಿ. ಯಾವ ದಿನ ಏನಾಯಿತು ಅಂತ ಅಲ್ಲಿ ಸಾಲಾಗಿ ಕಾಣುತ್ತದೆ. ರಿಟರ್ನ್ ಹಾಕಿ 30 ದಿನದೊಳಗೆ ವೆರಿಫೈ ಮಾಡಬೇಕು, ಅಂದರೆ ಇದು ನನ್ನದೇ ಅಂತ ಖಚಿತಪಡಿಸಬೇಕು. ಮಾಡದಿದ್ದರೆ ಅದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಸಾಮಾನ್ಯ ದಾರಿ ಆಧಾರ್ ಓಟಿಪಿ. ಊರಲ್ಲಿದ್ದಾಗ ಕೊಟ್ಟ ಹಳೇ ನಂಬರ್ ಆಧಾರ್‌ನಲ್ಲಿದ್ದು, ಆ ಸಿಮ್ ಈಗ ಇಲ್ಲ ಅಂದರೆ ಗಾಬರಿ ಬೇಡ. ನೆಟ್‌ಬ್ಯಾಂಕಿಂಗ್‌ನಿಂದ ಅಥವಾ ಪೋರ್ಟಲ್‌ನಲ್ಲಿ ಜೋಡಿಸಿದ ಬ್ಯಾಂಕ್ ಖಾತೆಯ ಮೂಲಕವೂ ವೆರಿಫೈ ಮಾಡಬಹುದು. ಅದೂ ಆಗದಿದ್ದರೆ ಐಟಿಆರ್-ವಿ ಎಂಬ ಒಂದು ಹಾಳೆಯನ್ನು ಪ್ರಿಂಟ್ ತೆಗೆದು, ಸಹಿ ಮಾಡಿ, ಬೆಂಗಳೂರು 560500ಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಅದೂ ಆ 30 ದಿನದೊಳಗೇ ಅಲ್ಲಿ ಮುಟ್ಟಬೇಕು. ದಿನ ದಾಟಿದ್ದರೆ 'ಸರ್ವಿಸಸ್' ಒಳಗೆ 'ಕಂಡೊನೇಶನ್ ರಿಕ್ವೆಸ್ಟ್' ಇದೆ. ತಡವಾದ ಕಾರಣವನ್ನು ಇದ್ದ ಹಾಗೆ ಬರೆದು ಕೇಳಿಕೊಳ್ಳಬಹುದು.

ವೆರಿಫೈ ಆಗಿದೆ, ಆದರೆ ಇನ್ನೂ 'ಪ್ರೊಸೆಸಿಂಗ್' ಅಂತಲೇ ಇದ್ದರೆ? ಕಾನೂನು ಅವರಿಗೆ ಸಾಕಷ್ಟು ಸಮಯ ಕೊಟ್ಟಿದೆ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳು. 2025ರ ಸೆಪ್ಟೆಂಬರ್‌ನಲ್ಲಿ ಹಾಕಿದ್ದಕ್ಕೆ 2026ರ ಡಿಸೆಂಬರ್ 31ರವರೆಗೂ ಗಡುವು ಇದೆ. ಹಾಗಂತ ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಮುಂದಿನದನ್ನು ಈಗಲೇ ನೋಡಿ.

ಹೆಸರಿನ ತೊಡಕು

ಮುಂಬೈ ಕನ್ನಡಿಗರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ ಅಂತ ನಾನು ಹೇಳುತ್ತೇನೆ. ಊರಲ್ಲಿ ನಮಗೆ ಇನಿಶಿಯಲ್ ಸಾಕು. ಕೆ. ಎಸ್. ಮಂಜುನಾಥ ಅಂದರೆ ಮುಗಿಯಿತು. ಇಲ್ಲಿ ಯಾವ ಅರ್ಜಿ ತೆಗೆದರೂ ಮೂರು ಖಾನೆ: ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಪ್ಯಾನ್ ಅರ್ಜಿಯಲ್ಲಂತೂ ಹೆಸರು ಮತ್ತು ಸರ್‌ನೇಮ್ ಖಾನೆಗಳಲ್ಲಿ ಇನಿಶಿಯಲ್ ಹಾಕುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ಅದೇ ಮನುಷ್ಯ ಪ್ಯಾನ್‌ನಲ್ಲಿ 'ಮಂಜುನಾಥ ಶಿವಪ್ಪ ಕುಂದಗೋಳ', ಆಧಾರ್‌ನಲ್ಲಿ 'ಮಂಜುನಾಥ ಕೆ ಎಸ್', ಬ್ಯಾಂಕಿನಲ್ಲಿ 'ಮಂಜುನಾಥ್ ಶಿವಪ್ಪ'. ಮನೆಯವರಿಗೆ ಮೂವರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಜನ.

ಇಂಗ್ಲಿಷ್ ಸ್ಪೆಲ್ಲಿಂಗ್ ಇನ್ನೊಂದು ತಲೆನೋವು. ಕರ್ನಾಟಕದಲ್ಲಿ ಮಂಜುನಾಥ ಅಂತ ಬರೆಯುವಾಗ ಕೊನೆಗೆ 'ಎ' ಸೇರಿಸುತ್ತಾರೆ, ಇಲ್ಲಿನವರು ಅದನ್ನು ಬಿಡುತ್ತಾರೆ. ಪೂಜಾರಿ ಒಂದು ಕಡೆ ಎರಡು 'ಓ' ಹಾಕಿಕೊಂಡು, ಇನ್ನೊಂದು ಕಡೆ ಬರೀ 'ಯು' ಹಾಕಿಕೊಂಡು ಇರುತ್ತದೆ. ಮದುವೆಯಾಗಿ ಇಲ್ಲಿಗೆ ಬಂದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಇಲ್ಲಿನ ಪದ್ಧತಿಯಂತೆ ನಡುವೆ ಗಂಡನ ಹೆಸರು ಸೇರುತ್ತದೆ, ಆದರೆ ಪ್ಯಾನ್ ತವರುಮನೆಯ ಹೆಸರಲ್ಲೇ ಉಳಿದಿರುತ್ತದೆ.

ಇದು ಎರಡು ಕಡೆ ಹಣ ನಿಲ್ಲಿಸುತ್ತದೆ. ಒಂದು, ಪ್ಯಾನ್-ಆಧಾರ್ ಜೋಡಣೆ. ಹೆಸರು, ಹುಟ್ಟಿದ ದಿನ ತಾಳೆಯಾಗದೆ ಜೋಡಣೆ ಬಾಕಿ ಉಳಿದರೆ ಪ್ಯಾನ್ ನಿಷ್ಕ್ರಿಯವಾಗುತ್ತದೆ. 2023ರ ಜುಲೈ 1ರಿಂದ ಈ ನಿಯಮ ಇದೆ. ಪ್ಯಾನ್ ನಿಷ್ಕ್ರಿಯವಾಗಿದ್ದಷ್ಟು ದಿನ ರಿಫಂಡೂ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ. ಎರಡನೆಯದು ಬ್ಯಾಂಕ್ ಖಾತೆ. ಪ್ಯಾನ್‌ನ ಹೆಸರಿಗೂ ಖಾತೆಯ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಖಾತೆ 'ವ್ಯಾಲಿಡೇಟ್' ಆಗುವುದಿಲ್ಲ, ಅಂದರೆ ಅದು ನಿಮ್ಮದೇ ಅಂತ ಪೋರ್ಟಲ್ ಒಪ್ಪುವುದಿಲ್ಲ.

ಸರಿಪಡಿಸುವುದು ಹೀಗೆ. ಪ್ಯಾನ್, ಆಧಾರ್, ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಾಲ್ಕನ್ನೂ ಮುಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಇರುವ ಹೆಸರನ್ನು ಒಂದರ ಕೆಳಗೆ ಒಂದು, ಅಕ್ಷರ ಬಿಡದೆ, ಹಾಳೆಯ ಮೇಲೆ ಬರೆಯಿರಿ. ಯಾವುದು ಒಂಟಿಯಾಗಿದೆ ಅಂತ ತಕ್ಷಣ ಕಾಣುತ್ತದೆ. ತಿದ್ದಬೇಕಾದದ್ದು ಅದನ್ನು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಅವಸರದಲ್ಲಿ ಅದನ್ನು ಖರ್ಚು ಮಾಡಬೇಡಿ. ಪ್ಯಾನ್ ತಿದ್ದುವುದಾದರೆ ಪ್ಯಾನ್ ಕೆಲಸ ನೋಡಿಕೊಳ್ಳುವ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ವೆಬ್‌ಸೈಟಿನಲ್ಲಿ ತಿದ್ದುಪಡಿ ಅರ್ಜಿ ಇದೆ. ಪ್ಯಾನ್ ನಂಬರ್ ಬದಲಾಗುವುದಿಲ್ಲ. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಒಬ್ಬರಿಗೆ ಎರಡು ಪ್ಯಾನ್ ಇರುವುದು ತಪ್ಪು. ಸಣ್ಣ ವ್ಯತ್ಯಾಸದಿಂದ ಜೋಡಣೆ ಮತ್ತೆ ಮತ್ತೆ ಬಿದ್ದುಹೋಗುತ್ತಿದ್ದರೆ ಇವೇ ಸಂಸ್ಥೆಗಳ ಗೊತ್ತುಪಡಿಸಿದ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು.

ಜೋಡಣೆ ಆಗಿದೆಯಾ ಅಂತ ನೋಡಲು ಲಾಗಿನ್ ಕೂಡ ಬೇಡ. ಪೋರ್ಟಲಿನ ಮೊದಲ ಪುಟದಲ್ಲೇ 'ಲಿಂಕ್ ಆಧಾರ್ ಸ್ಟೇಟಸ್' ಇದೆ. ಗಡುವು ಮೀರಿದ್ದರೆ 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಬೇಕು.

ಹಳೇ ಬ್ಯಾಂಕು, ಹೊಸ ಕೋಡು

ಮುಂಬೈಗೆ ಬಂದ ಕರಾವಳಿಯವರ ಮೊದಲ ಖಾತೆ ಹೆಚ್ಚಾಗಿ ವಿಜಯಾ, ಕಾರ್ಪೊರೇಶನ್ ಅಥವಾ ಸಿಂಡಿಕೇಟ್ ಬ್ಯಾಂಕಿನದು. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಬದಲಾಯಿತು. ಪೋರ್ಟಲ್‌ನಲ್ಲಿ ಹಳೇ ಕೋಡ್ ಹಾಗೇ ಕೂತಿದ್ದರೆ ಹಣ ಮುಟ್ಟುವುದು ಹೇಗೆ? 'ಮೈ ಪ್ರೊಫೈಲ್' ಒಳಗೆ 'ಮೈ ಬ್ಯಾಂಕ್ ಅಕೌಂಟ್' ತೆರೆದು ಹೊಸ ಪಾಸ್‌ಬುಕ್ ನೋಡಿ ತುಂಬಿ, ವ್ಯಾಲಿಡೇಟ್ ಮಾಡಿ, ರಿಫಂಡ್‌ಗೆ ಅದೇ ಖಾತೆ ಅಂತ ಗುರುತು ಹಾಕಿ. 'ರಿಫಂಡ್ ಫೇಲ್ಡ್' ಅಂತ ಆಗಲೇ ಬಂದಿದ್ದರೆ ಖಾತೆ ಸರಿಪಡಿಸಿದರಷ್ಟೇ ಸಾಲದು. 'ಸರ್ವಿಸಸ್' ಒಳಗಿನ 'ರಿಫಂಡ್ ರೀಇಶ್ಯೂ'ನಲ್ಲಿ ನೀವೇ ಕೋರಿಕೆ ಹಾಕಬೇಕು.

ನೋಟಿಸ್ ಬಂದು ಕೂತಿದೆಯಾ?

'ಪೆಂಡಿಂಗ್ ಆ್ಯಕ್ಷನ್ಸ್' ತೆರೆಯಿರಿ. ಹಳೇ ವರ್ಷದ ಬಾಕಿ ಇದೆ, ರಿಫಂಡ್ ಅದಕ್ಕೆ ವಜಾ ಮಾಡುತ್ತೇವೆ ಅಂತ 245ನೇ ಸೆಕ್ಷನ್ ಪತ್ರ ಬಂದಿರಬಹುದು. ಒಪ್ಪಿಗೆ ಇಲ್ಲದಿದ್ದರೆ ಪತ್ರದಲ್ಲಿ ಹೇಳಿದ ದಿನದೊಳಗೆ ಅಲ್ಲೇ ಕಾರಣ ಬರೆಯಿರಿ. ರಿಟರ್ನಿನಲ್ಲಿ ದೋಷ ಇದೆ ಅಂತ 139(9) ನೋಟಿಸ್ ಬಂದಿದ್ದರೆ 15 ದಿನ ಸಮಯ. ಕಂಪನಿ ಕೊಡುವ ಫಾರಂ 16ರ ಟಿಡಿಎಸ್ (ಸಂಬಳದಿಂದ ಮೊದಲೇ ಹಿಡಿದ ತೆರಿಗೆ), ಇಲಾಖೆಯ ದಾಖಲೆಯಾದ 26ಎಎಸ್‌ನಲ್ಲಿ ಕಾಣುವ ಟಿಡಿಎಸ್ ಎರಡೂ ಒಂದೇ ಇವೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಕಂಪನಿಯ ಅಕೌಂಟ್ಸ್ ವಿಭಾಗವನ್ನು ಬೆನ್ನುಹತ್ತಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಹೋಟೆಲಲ್ಲಿ, ಅಂಗಡಿಯಲ್ಲಿ, ಸಣ್ಣ ಆಫೀಸಿನಲ್ಲಿ ದುಡಿಯುವ ಎಷ್ಟೋ ಮಂದಿಯ ರಿಟರ್ನ್ ಏಜೆಂಟರೇ ಹಾಕುತ್ತಾರೆ. ಪ್ರೊಫೈಲಿನಲ್ಲಿ ಏಜೆಂಟರ ಮೊಬೈಲ್, ಏಜೆಂಟರ ಇಮೇಲ್. ನೋಟಿಸ್ ಬಂದದ್ದು ದುಡಿದವರಿಗೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಅವೆರಡನ್ನೂ ಇವತ್ತೇ ನಿಮ್ಮದಕ್ಕೆ ಬದಲಿಸಿಕೊಳ್ಳಿ, ಪಾಸ್‌ವರ್ಡನ್ನೂ ಬದಲಿಸಿ. 'ರಿಫಂಡ್ ಜಾಸ್ತಿ ಮಾಡಿಸಿ ಕೊಡುತ್ತೇನೆ' ಅಂತ ಕಟ್ಟದ ಬಾಡಿಗೆ, ಕೊಡದ ದೇಣಿಗೆ ತೋರಿಸುವವರೂ ಇದ್ದಾರೆ. ಅಂಥ ರಿಟರ್ನ್‌ಗಳನ್ನು ಇಲಾಖೆ ತಡೆದಿಟ್ಟು, ಕ್ಲೇಮ್ ಮತ್ತೆ ನೋಡಿಕೊಳ್ಳಿ ಅಂತ ಮೆಸೇಜ್ ಕಳಿಸುತ್ತದೆ. ತಪ್ಪಿದ್ದರೆ, ಸಮಯ ಇರುವಾಗಲೇ ತಿದ್ದಿದ ರಿಟರ್ನ್ ಹಾಕಿ. ಸುಳ್ಳು ಲೆಕ್ಕ ಅಂತ ಸಾಬೀತಾದರೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು. ಅದನ್ನು ಕಟ್ಟಬೇಕಾದವರು ನೀವು, ಏಜೆಂಟರಲ್ಲ. ಕ್ಲೇಮ್ ನಿಜವಾಗಿದ್ದರೆ ರಸೀದಿ ಜೋಪಾನ ಮಾಡಿ, ಕೇಳಿದಾಗ ಕೊಡಿ.

ಮೆಸೇಜ್ ಅಸಲಿಯಾ?

'ರಿಫಂಡ್ ಮಂಜೂರಾಗಿದೆ, ಗುರುತು ಖಚಿತಪಡಿಸಲು ಲಿಂಕ್ ಒತ್ತಿ' ಅಂತ ಬಂದರೆ ಒತ್ತಬೇಡಿ. ಇಲಾಖೆ ಕಾರ್ಡ್ ನಂಬರ್, ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ. ಅಸಲಿ ನೋಟಿಸಿನ ಮೇಲೆ ಡಿಐಎನ್ ಎಂಬ ನಂಬರ್ ಇರುತ್ತದೆ. ಪೋರ್ಟಲಿನ ಮೊದಲ ಪುಟದಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು.

ಎಲ್ಲ ಸರಿ ಇದ್ದೂ ಬಾರದಿದ್ದರೆ

1800 103 0025 ಅಥವಾ 1800 419 0025ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಪ್ಯಾನ್ ಮತ್ತು ರಿಟರ್ನಿನ ಸ್ವೀಕೃತಿ ಸಂಖ್ಯೆ ಕೈಯಲ್ಲಿರಲಿ. ಅಷ್ಟಕ್ಕೇ ಬಿಡದೆ ಪೋರ್ಟಲಿನ 'ಗ್ರೀವೆನ್ಸಸ್'ನಲ್ಲಿ ಲಿಖಿತ ದೂರೂ ಹಾಕಿ. ಬಾಯಿಮಾತಿಗಿಂತ ದೂರಿನ ನಂಬರಿಗೆ ತೂಕ ಜಾಸ್ತಿ. ಅದಕ್ಕೂ ಸರಿಯಾದ ಉತ್ತರ ಬಾರದಿದ್ದರೆ ಕೇಂದ್ರ ಸರಕಾರದ ದೂರಿನ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಅದೇ ನಂಬರ್ ಕಾಣಿಸಿ ಇನ್ನೊಂದು ದೂರು ಕೊಡಿ.

ತಡವಾದದ್ದಕ್ಕೆ ಬಡ್ಡಿ ನಿಮ್ಮ ಹಕ್ಕು. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಏಪ್ರಿಲ್ 1ರಿಂದ ಲೆಕ್ಕ, ತಿಂಗಳಿಗೆ ಶೇ 0.5. ಅಂದರೆ 20,000 ರೂಪಾಯಿ ರಿಫಂಡ್‌ಗೆ ತಿಂಗಳಿಗೆ 100 ರೂಪಾಯಿ. ರಿಫಂಡ್ ಮೊತ್ತ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆ ಇದ್ದರೆ ಮಾತ್ರ ಬಡ್ಡಿ ಸಿಗದು. ಹಣ ಬಂದ ಮೇಲೆ ಸಿಪಿಸಿಯ ಪತ್ರ ತೆರೆದು, ಎಷ್ಟು ಅಸಲು, ಎಷ್ಟು ಬಡ್ಡಿ ಅಂತ ಬರೆದಿಟ್ಟುಕೊಳ್ಳಿ. ಆ ಬಡ್ಡಿಗೂ ತೆರಿಗೆ ಇದೆ. ಮುಂದಿನ ರಿಟರ್ನಿನಲ್ಲಿ 'ಇತರೆ ಆದಾಯ'ದ ಖಾನೆಯಲ್ಲಿ ಅದನ್ನು ತೋರಿಸಬೇಕು.